ಚೀನಾ ಆಂಟಿ ಕೂತ ಕಟ್ಟೆ

ಹೋದ ವಾರ ಹೈದರಾಬಾದಿನ ಕೊಂಡಾಪುರದ ಪಾರ್ಲರ್ ಒಂದರಲ್ಲಿ ಹುಬ್ಬು ತೀಡಿಸಿಕೊಳ್ಳಲು ಕೂತಿದ್ದೆ. ಅಲ್ಲಿನ ಹುಡುಗಿ ನನ್ನ ಹಣೆಗೆ ಪೌಡರ್ ಹಚ್ಚಿ, ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮುಂದಕ್ಕೆ ಬಾಗಿದಳು. ಪೌಡರಿನ ವಾಸನೆ ಮೂಗಿಗೆ ತಾಕಿದ್ದೇ ತಡ, ಕಣ್ಣು ತುಂಬಿ ಬಂತು. ಹುಬ್ಬು ಮಾಡಿಸಿಕೊಳ್ಳುವಾಗ ಕಣ್ಣೀರು ಬಂದರೆ ಯಾರೂ ಕಾರಣ ಕೇಳುವುದಿಲ್ಲ, ಅದೊಂದು ಅನುಕೂಲ. ನನಗೆ ನೆನಪಾದವರು ಚೀನಾ ಆಂಟಿ.

ಆಗ ನಾನು ನಾಲ್ಕನೇ ಕ್ಲಾಸು. ಕಲಬುರಗಿ ಕಡೆಯಿಂದ ಬಂದ ಅಪ್ಪ ಕುಷಾಯಿಗೂಡದ ಹತ್ತಿರ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಮ್ಮ ಮನೆ ಮಾತ್ರ ಸಿಕಂದರಾಬಾದಿನ ಹಳೆಯ ಗಲ್ಲಿಯಲ್ಲಿ, ಬಾಡಿಗೆ ಕಡಿಮೆ ಅಂತ. ಗಲ್ಲಿಯ ತಿರುವಿನಲ್ಲಿ ಆಂಟಿಯ ಪಾರ್ಲರ್. ಒಂದು ಕನ್ನಡಿ, ಎರಡು ಕುರ್ಚಿ, ಬಾಗಿಲಿಗೆ ಹಸಿರು ಪರದೆ. ಗಂಡ ಹಲ್ಲಿನ ಡಾಕ್ಟರಾಗಿದ್ದವರು, ತೀರಿಹೋಗಿದ್ದರು. ಆಂಟಿಗೆ ಅರವತ್ತರ ಹತ್ತಿರ ವಯಸ್ಸು. ಕತ್ತರಿಸಿದ ಕೂದಲು, ಹೂವಿನ ಫ್ರಾಕು, ಕಾಲಲ್ಲಿ ಹವಾಯಿ ಚಪ್ಪಲಿ. ಮುಖ ಚೀನೀಯರದು, ಬಾಯಿ ಬಿಟ್ಟರೆ ಅಪ್ಪಟ ಹೈದರಾಬಾದಿ ಉರ್ದು.

ಅಮ್ಮ ಮೊದಲ ಸಲ ಅಲ್ಲಿ ಹುಬ್ಬು ಮಾಡಿಸಿಕೊಂಡು ಬಂದ ದಿನ ಅಪ್ಪ, "ಯಾರ್ರೀ ನೀವು? ನಮ್ಮಾಕಿ ಎಲ್ಲಿ ಹೋದ್ಳು?" ಅಂತ ಕೇಳಿ ಊಟದವರೆಗೂ ಗೋಳು ಹೊಯ್ದುಕೊಂಡಿದ್ದರು. ಆಮೇಲೆ ಅಮ್ಮನಿಗೂ ಆಂಟಿಗೂ ಎಷ್ಟು ಬಳಕೆಯಾಯಿತೆಂದರೆ, ಆಂಟಿ ನಮ್ಮ ಜೋಳದ ರೊಟ್ಟಿಗೂ ಅಮ್ಮನ ಕನ್ನಡಕ್ಕೂ ಒಟ್ಟಿಗೇ ಹೊಂದಿಕೊಂಡುಬಿಟ್ಟರು. ಗಿರಾಕಿ ಇಲ್ಲದ ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಕೂತು ಅಮ್ಮನ ಜೊತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಆ ಕಟ್ಟೆ ಎರಡು ಮನೆಗೆ ಸೇರಿದ್ದು. ಒಂದು ಬಾಗಿಲು ನಮ್ಮದು, ಪಕ್ಕದ್ದು ಗಡಿಯಾರ ರಿಪೇರಿ ಮಾಡುವವರದು. ಅವರ ಹೆಂಡತಿಯನ್ನು ನಾವು ಖಾಲಾ ಎನ್ನುತ್ತಿದ್ದೆವು. ನಮ್ಮ ಬಾಗಿಲಿಗೆ ಮಾವಿನ ತೋರಣ, ಅವರ ಬಾಗಿಲ ಮೇಲೆ ಹಸಿರು ಅಕ್ಷರದ ಫಲಕ. ಇದರಲ್ಲಿ ಹೆದರುವಂಥದ್ದು ಏನಾದರೂ ಇದೆ ಅಂತ ಆವರೆಗೆ ಯಾರಿಗೂ ಹೊಳೆದಿರಲಿಲ್ಲ.

ಆ ವರ್ಷ ಊರಲ್ಲಿ ಗಲಾಟೆ ಶುರುವಾಯಿತು. ಯಾರು ಶುರು ಮಾಡಿದರು ಅಂತ ಕೇಳಿದರೆ ಇವತ್ತಿಗೂ ಎರಡು ಉತ್ತರ ಸಿಗುತ್ತದೆ, ನಾನು ಕೇಳುವುದನ್ನೇ ಬಿಟ್ಟಿದ್ದೇನೆ. ಅಪ್ಪ ಕಾರ್ಖಾನೆಯಲ್ಲೇ ಸಿಕ್ಕಿಕೊಂಡರು. ಖಾಲಾಳ ಗಂಡನಿಗೂ ಅಂಗಡಿಯಿಂದ ಬರಲಾಗಲಿಲ್ಲ. ಮರುದಿನ ಬೆಳಿಗ್ಗೆ ದೊಡ್ಡ ರಸ್ತೆಯ ಕಡೆಯಿಂದ ಕೂಗು ಕೇಳಿಸಿದಾಗ ಖಾಲಾ ತನ್ನ ಬಾಗಿಲು ಹಾಕಿಕೊಂಡಳು, ಅಮ್ಮ ನಮ್ಮದನ್ನು ಹಾಕಲು ಓಡಿದರು. ನೋಡಿದರೆ ಕಟ್ಟೆಯ ಮೇಲೆ ಆಂಟಿ!

"ಆಂಟಿ, ಹುಚ್ಚು ಹಿಡದೈತೇನ್ರಿ ನಿಮಗ? ಒಳಗ ಬರ್ರಿ ಮೊದ್ಲ!"

"ನೀ ಬಾಗ್ಲಾ ಹಾಕ್ಕೋ ಬೇಟಾ. ಮೊರ ಕೊಡು, ಜೋಳ ಕೊಡು," ಅಂದರು ಆಂಟಿ. ಆಗಲೇ ನಮ್ಮ ತೋರಣ ಕಿತ್ತು, ಖಾಲಾಳ ಫಲಕ ಇಳಿಸಿ, ಎರಡನ್ನೂ ಅಮ್ಮನ ಕೈಗೆ ಕೊಟ್ಟರು.

ನಾನು ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ಗುಂಪು ಬಂತು. ಕೈಯಲ್ಲಿ ಸಲಾಕೆ, ಸೈಕಲ್ ಚೈನು. ಯಾವ ಕಡೆಯವರು ಅಂತ ಬರೆಯುವುದಿಲ್ಲ. ಯಾಕೆಂದರೆ ಮಧ್ಯಾಹ್ನ ಇನ್ನೊಂದು ಕಡೆಯವರೂ ಬಂದರು, ಅವರ ಕೈಯಲ್ಲೂ ಅವೇ ಇದ್ದವು.

"ಕಿಸ್ಕಾ ಘರ್ ಹೈ ಯೇ?" ಇದು ಯಾರ ಮನೆ ಅಂತ ಮುಂದಿದ್ದವನು ಕೇಳಿದ.

"ಮೇರಾ."

"ಬಾಜೂ ಕಾ?"

"ವೋ ಭೀ ಮೇರಾಚ್," ಪಕ್ಕದ್ದೂ ನಂದೇ ಅಂದ ಆಂಟಿ ತಲೆ ಎತ್ತಲಿಲ್ಲ, ಜೋಳದಲ್ಲಿ ಕಲ್ಲು ಆರಿಸುತ್ತಲೇ ಇದ್ದರು. "ಕ್ಯಾ, ಜ್ವಾರ್ ಸಾಫ್ ಕರ್ನೇ ಆತೇ ಕ್ಯಾ?" ಜೋಳ ಹಸನು ಮಾಡಲು ಬರ್ತೀಯಾ ಅಂತ ಅವನನ್ನೇ ಕೇಳಿದರು.

ಅವನು ಆ ಮುಖವನ್ನು ನೋಡುತ್ತ ನಿಂತ. ಆ ಮುಖ ಅವನ ಕಡೆಯದೂ ಅಲ್ಲ, ಎದುರಿನವರ ಕಡೆಯದೂ ಅಲ್ಲ. ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. "ಚಲೋ ರೇ, ಚೀನಾವಾಲಿ ಹೈ," ಎಂದು ಯಾರೋ ಹಿಂದಿನಿಂದ ಕೂಗಿದರು. ಗುಂಪು ಮುಂದಕ್ಕೆ ಹೋಯಿತು. ಮಧ್ಯಾಹ್ನದವರೂ ಹೆಚ್ಚುಕಡಿಮೆ ಅದನ್ನೇ ಕೇಳಿದರು, ಆಂಟಿ ಅದನ್ನೇ ಹೇಳಿದರು.

ಸಂಜೆ ಪೊಲೀಸ್ ವ್ಯಾನು ಬಂದ ಮೇಲೆ ಅಮ್ಮ, ಖಾಲಾ ಇಬ್ಬರೂ ಬಾಗಿಲು ತೆಗೆದರು. ಆಂಟಿಗೆ ಏಳಲು ಆಗಲಿಲ್ಲ. ಇಬ್ಬರೂ ರಟ್ಟೆ ಹಿಡಿದು ನಮ್ಮ ಅಡುಗೆಮನೆಗೆ ಕರೆತಂದರು. ಅಮ್ಮ ಕೊಟ್ಟ ಚಹಾ ಮುಟ್ಟದೆ ಪಕ್ಕಕ್ಕೆ ಸರಿಸಿಟ್ಟರು. ಹಗಲೆಲ್ಲ ಅಷ್ಟು ಗಟ್ಟಿಯಾಗಿ ಕೂತವರು ಇವರೇನಾ ಅನ್ನಿಸಿತ್ತು...

ಆಗ ಆಂಟಿ ತಮ್ಮ ಕತೆ ಹೇಳಿದರು. ಬ್ರಿಟಿಷರ ಕಾಲದ ಬರ್ಮಾದಲ್ಲಿ ಒಂದು ಬಂದರು ಊರು. ಅವರ ಅಪ್ಪ ಬಡಗಿ. ಪಕ್ಕದ ಬಾಗಿಲೇ ಚಿಕ್ಕಪ್ಪನದು. ಆಂಟಿ ಆಗ ನನಗಿಂತ ಚಿಕ್ಕವರು. ಯಾವುದೋ ಜಗಳ ಎಲ್ಲಿಂದಲೋ ಹಬ್ಬಿ, ಚೀನೀಯರ ಮನೆಗಳನ್ನು ಹುಡುಕಿ ಹುಡುಕಿ ಹೊಡೆಯತೊಡಗಿದರಂತೆ. ಎದುರುಮನೆಯ ಬರ್ಮಾದ ಹೆಂಗಸು ರಸ್ತೆ ದಾಟಿ ಬಂದು, ಇವರ ಮೆಟ್ಟಿಲ ಮೇಲೆ ಕೂತು, ದಪ್ಪ ಚುಟ್ಟಾ ಹಚ್ಚಿಕೊಂಡಳಂತೆ. ಗುಂಪು ಕೇಳಿದಾಗ ಇದು ನನ್ನ ಮನೆ ಅಂದಳಂತೆ.

"ಪಕ್ಕದ್ದು ಯಾರ್ದು ಅಂತ ಕೇಳಿದ್ರು," ಆಂಟಿ ಅಮ್ಮನ ಮುಖ ನೋಡಿದರು. "ಆಕಿ ಸುಮ್ನ ಕೂತ್ಳು. ಹೆದರಿದ್ಳು. ಆಕೀದೇನ್ ತಪ್ಪಿಲ್ಲ... ನಾ ಒಳಗ ಎಲ್ಲಾ ಕೇಳ್ಸಿಕೊಂಡೆ. ಚಿಕ್ಕಪ್ಪಂದು, ಚಿಕ್ಕಮ್ಮಂದು. ಆಮ್ಯಾಲ ಎಲ್ಲಾ ಸುಮ್ನ ಆತು."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಖಾಲಾ ಆಂಟಿಯ ಕಾಲ ಬಳಿ ಕೂತು ಅವರ ಪಾದ ಒತ್ತತೊಡಗಿದಳು. ಅವತ್ತು ರಾತ್ರಿ ಎರಡೂ ಮನೆಯವರು ಅಡುಗೆಮನೆಯಲ್ಲೇ ಒಟ್ಟಿಗೆ ಮಲಗಿದೆವು.

ಗಲಾಟೆ ನಿಂತು ಗಲ್ಲಿ ಮೊದಲಿನಂತಾಯಿತು. ಆಂಟಿ ಮೊದಲಿನಂತಾಗಲಿಲ್ಲ. ಚೀನಾ ಯುದ್ಧದ ಕಾಲದಲ್ಲಿ ಠಾಣೆಗೆ ಹೋಗಿ ಮುಖ ತೋರಿಸಿ ಬರಬೇಕಿದ್ದಾಗಲೂ ಊರು ಬಿಡದವರು, ಮಳೆಗಾಲ ಕಳೆಯುವ ಮೊದಲೇ ಪಾರ್ಲರ್ ಮುಚ್ಚಿ ಕಲ್ಕತ್ತೆಯ ತಂಗಿಯ ಮನೆಗೆ ಹೊರಟರು. ಅಮ್ಮ ಕೈ ಹಿಡಿದುಕೊಂಡು ಬೇಡಿದರು. "ನಮ್ಮನ್ನ ಉಳಿಸಿ ನೀವ ಹೋದ್ರ ಹೆಂಗ್ರಿ ಆಂಟಿ? ಇಲ್ಲಿ ನಿಮಗ ಯಾರೂ ಏನೂ ಮಾಡಂಗಿಲ್ಲ."

"ಗೊತ್ತೈತಿ ಬೇಟಾ," ಅಂದರು ಆಂಟಿ. "ಆದ್ರ ಇನ್ನೊಂದ್ಸಲ ಕೂಡ್ಲಿಕ್ಕೆ ನನ್ನ ಕೈಲೆ ಆಗಂಗಿಲ್ಲ. ನಿಮ್ಮ ಬಾಗ್ಲಾ ಇಲ್ಲೇ ಇರ್ತಾವ. ನಾನೂ ಇಲ್ಲೇ ಇದ್ರ, ಕೂಡ್ಬೇಕಾಗ್ತೈತಿ."

ನಾನು ಆಗ ಅಳಲಿಲ್ಲ, ಅವರು ಕೊಟ್ಟ ಕ್ಲಿಪ್ಪುಗಳನ್ನು ತಲೆಗೆ ಸಿಕ್ಕಿಸಿಕೊಳ್ಳುವ ಸಂಭ್ರಮ. ಅಮ್ಮ ಮಾತ್ರ ಎಷ್ಟೋ ದಿನ ತಿರುವಿನ ಆ ಮುಚ್ಚಿದ ಬಾಗಿಲ ಮುಂದೆ ಹಾಯುವಾಗ ನಡಿಗೆ ನಿಧಾನ ಮಾಡುತ್ತಿದ್ದರು. ಮರುವರ್ಷ ನಾವು ಕುಷಾಯಿಗೂಡಕ್ಕೆ ಮನೆ ಬದಲಾಯಿಸಿದೆವು. ಗುರುತಿನವರು ಕಲ್ಕತ್ತೆಗೆ ಹೊರಟರೆ ಅಮ್ಮ, "ಅಲ್ಲಿ ನಮ್ಮ ಆಂಟಿ ಅದಾರ" ಎನ್ನುತ್ತಿದ್ದರು, ಕಲ್ಕತ್ತೆ ಅಂದರೆ ಪಕ್ಕದ ಓಣಿ ಎನ್ನುವ ಹಾಗೆ. ಅಷ್ಟು ದೊಡ್ಡ ಊರಲ್ಲಿ ಯಾರೂ ಅವರನ್ನು ಕಂಡು ಬರಲಿಲ್ಲ.

ಈಗ ಅಮ್ಮ ಇಲ್ಲ. ಆಂಟಿಯೂ ಇರಲಾರರು. ಪಾರ್ಲರಿನ ಹುಡುಗಿ ಕನ್ನಡಿ ಹಿಡಿದು, ಸರಿಯಾಗಿದೆಯಾ ಮೇಡಂ ಎಂದು ಕೇಳಿದಳು. ಸರಿಯಾಗಿದೆ ಅಂದು ಎದ್ದು ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಕಲ್ಕತ್ತೆಯಲ್ಲಿ ಎಂದಾದರೂ ಆಂಟಿಯ ಬಾಗಿಲಿಗೂ ಅಂಥ ಗುಂಪು ಬಂದಿತ್ತೋ ಏನೋ. ಬಂದಿದ್ದರೆ, ಇದು ನನ್ನ ಮನೆ ಎನ್ನಲು ಹೊರಗೆ ಯಾರಾದರೂ ಕೂತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ನಾವಂತೂ ಅಲ್ಲಿರಲಿಲ್ಲ.