ವಾಪಸು ಬಾರದ ಏಳನೇ ನಂಬರು

ಸೋಪಿನ ಕಂಪನಿಯೊಂದರ ಮಾರಾಟ ವಿಭಾಗವನ್ನು ಇಪ್ಪತ್ತೆರಡು ವರ್ಷ ಆಳಿದವಳು, ಗಾಲಿಕುರ್ಚಿಗಳನ್ನು ಉಚಿತವಾಗಿ ಎರವಲು ಕೊಡುವ ಪುಟ್ಟ ಸೇವಾಸಂಸ್ಥೆಗೆ ಮುಖ್ಯಸ್ಥೆಯಾಗಿ ಬಂದಳು. ಮೂರೇ ದಿನದಲ್ಲಿ ಅಲ್ಲಿಯವರು ಅವಳಿಗೆ ‘ಟಾರ್ಗೆಟ್ ಅಕ್ಕ’ ಎಂದು ಹೆಸರಿಟ್ಟರು. ಬೆನ್ನ ಹಿಂದೆಯೇ, ಆದರೆ ಕಿವಿಗೆ ಬೀಳುವಷ್ಟು ಹತ್ತಿರದಿಂದ.

“ದೊಡ್ಡ ಕುರ್ಚಿ ಬಿಟ್ಟು ಕುರ್ಚಿ ಎಣಿಸೋಕೆ ಹೋದ್ಯಲ್ಲೇ!” ಎಂದು ಒಡಹುಟ್ಟಿದ ಅಕ್ಕ ಫೋನಿನಲ್ಲಿ ನಕ್ಕಳು.

ಎಣಿಸಿದ್ದೂ ಆಯಿತು. ನಲವತ್ತರಲ್ಲಿ ಮೂವತ್ತೆಂಟು ಎರವಲು ಹೋಗಿ ಊರು ಸೇರಿದ್ದವು. ಉಳಿದೆರಡಕ್ಕೆ ಗಾಲಿಯೇ ಇರಲಿಲ್ಲ. ಎರವಲಿನ ಅವಧಿ ಮೂರು ತಿಂಗಳು, ಕೆಲವು ಹೋಗಿ ಮೂರು ವರ್ಷ. ಉಗ್ರಾಣ ನೋಡಿಕೊಳ್ಳುವ, ಎಲ್ಲರೂ ‘ಮಾಮ’ ಎಂದೇ ಕರೆಯುವ ಹಿರಿಯರು ಮಾತ್ರ ತಲೆ ಕೆಡಿಸಿಕೊಂಡಂತಿರಲಿಲ್ಲ.

ಒಂದು ಬೆಳಗ್ಗೆ, ಮಾಮ ಕಣ್ಣಿನ ಡಾಕ್ಟರ ಬಳಿ ಹೋಗಿದ್ದಾಗ, ಟೈಲರ್ ಒಬ್ಬ ಬಂದ. ತಾಯಿಗೆ ಸೊಂಟದ ಮೂಳೆಯ ಆಪರೇಷನ್ ಆಗಿತ್ತು.

“ಸಂಜೆ ಐದಕ್ಕೆ ಮನೆಗೆ ಕಳಿಸ್ತಾರೆ ಮೇಡಂ. ಬೀದಿಯವರೆಲ್ಲ ನೋಡೋ ಹಾಗೆ ಹೊತ್ಕೊಂಡು ಹೋದ್ರೆ ಅಮ್ಮ ನನ್ನ ಜೊತೆ ಮಾತೇ ಬಿಡ್ತಾರೆ.”

“ಐದಕ್ಕೆ ಕುರ್ಚಿ ಆಸ್ಪತ್ರೇಲಿರುತ್ತೆ” ಎಂದುಬಿಟ್ಟಳು. ದಾಸ್ತಾನಿಲ್ಲದೆ ಮಾತು ಕೊಡುವುದು ಮಾರಾಟದವರ ಹಳೇ ಚಾಳಿ.

ರಿಜಿಸ್ಟರಿನಲ್ಲಿ ಎಲ್ಲಕ್ಕಿಂತ ಹಳೆಯ ಬಾಕಿ ಏಳನೇ ನಂಬರಿನ ಕುರ್ಚಿ. ವಿಳಾಸ ಹಿಡಿದು ಹೊರಟಳು. ಬಾಗಿಲು ತೆರೆದಾಕೆ, “ನಮ್ಮೋರು ಎದ್ದು ಓಡಾಡ್ತಿದಾರಮ್ಮ. ಕುರ್ಚಿ ಕೆಳಗಿನ ಮನೆ ಅಜ್ಜಿಗೆ ಕೊಟ್ವಿ” ಎಂದಳು. ಅಜ್ಜಿ ಅದಕ್ಕೊಂದು ದಿಂಬು ಹೊಲಿದು, ಕಾಲು ಮುರಿದುಕೊಂಡ ಕ್ಷೌರದಂಗಡಿಯವನಿಗೆ ದಾಟಿಸಿದ್ದಳು. ಅವನು ಸೈಕಲ್ ಬೆಲ್ ಕೂರಿಸಿ ಮುಂದಕ್ಕೆ ಕಳಿಸಿದ್ದ. ಬೈಯಲೆಂದು ಹೊರಟವಳಿಗೆ ಈಗ ಬೈಗುಳ ಮರೆತು, ಮುಂದಿನ ಬಾಗಿಲ ಹಿಂದೆ ಏನಿದೆಯೋ ಎಂಬ ಕುತೂಹಲ ಹತ್ತಿತ್ತು.

ನಾಲ್ಕನೇ ಮನೆಯಲ್ಲಿ ಏಳನೇ ನಂಬರು ಸಿಕ್ಕಿತು, ದಿಂಬು, ಬೆಲ್ಲು, ಮೇಲೊಬ್ಬ ನಿವೃತ್ತ ಹೆಡ್‌ಮಿಸ್ ಸಮೇತ.

ಟೈಲರಿಗೆ ಐದಕ್ಕೆಂದು ಕೊಟ್ಟ ಮಾತಿನ ಕಥೆ ಕೇಳಿ, “ಇದನ್ನ ಕೊಡಲ್ಲ, ನಂಗೇ ಬೇಕು” ಎಂದು ಹೆಡ್‌ಮಿಸ್ ಬೆಲ್ ಬಾರಿಸಿದರು. “ಬೇಕರಿಯವನ ಅತ್ತೆ ನಿನ್ನೆಯಿಂದ ಕೋಲು ಹಿಡಿದು ನಡೀತಿದಾರೆ. ಅವರ ಹತ್ರ ಇರೋ ನಿಮ್ಮ ಕುರ್ಚಿ ಖಾಲಿ. ಓಡು, ನಾಲ್ಕೂವರೆ ಆಯ್ತು!”

ಓಡಿದಳು. ಐದಕ್ಕೆ ಎರಡು ನಿಮಿಷವಿರುವಾಗ ಟೈಲರನ ತಾಯಿ ಬೇಕರಿಯ ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, “ನಿಧಾನಕ್ಕೆ ತಳ್ಳೋ, ಎಲ್ರೂ ನೋಡ್ಲಿ” ಎಂದರು.

ಉಗ್ರಾಣಕ್ಕೆ ಮರಳಿದಾಗ ಮಾಮ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು.

“ನಿಮಗಿದೆಲ್ಲ ಗೊತ್ತಿತ್ತಾ ಮಾಮ?”

“ಮೂವತ್ತೆಂಟೂ ಗೊತ್ತು.”

“ಮತ್ತೆ ನನಗ್ಯಾಕೆ ಹೇಳಲಿಲ್ಲ?”

“ಎಷ್ಟು ಬಾಕಿ ಅಂತ ಕೇಳಿದ್ರಿ, ಹೇಳಿದೆ. ಎಲ್ಲಿವೆ ಅಂತ ಯಾವತ್ತು ಕೇಳಿದ್ರಿ?”

ಅವಳು ರಿಜಿಸ್ಟರಿನ ಹೊಸ ಪುಟ ತೆರೆದಳು. “ಈಗ ಕೇಳ್ತಿದೀನಿ. ಒಂದನೇ ನಂಬರ್ ಎಲ್ಲಿದೆ?”

“ಅಯ್ಯೋ, ಅದು ದೊಡ್ಡ ಕಥೆ. ಕೂತ್ಕೊಳ್ಳಿ.”

ಕೂರಲು ಅಲ್ಲಿದ್ದದ್ದು ಗಾಲಿಯಿಲ್ಲದ ಆ ಎರಡೇ. ಒಂದನ್ನು ಮಾಮನ ಹತ್ತಿರಕ್ಕೆ ಎಳೆದುಕೊಂಡಳು.