ಎಡಗೈ ಕಲಿತ ಪೈಪಕ್ಕ

ಬೆಳಗಿನ ಆರೂಕಾಲು. ನಾಲ್ಕನೇ ಮಹಡಿಯ ಬಚ್ಚಲುಮನೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು, ಅವರ ಸೊಸೆ, ಪೈಪಕ್ಕನ ಬಗ್ಗೆ ಪತ್ರಿಕೆಗೆ ಬರೆಯಲು ನೋಟ್‌ಬುಕ್ ಹಿಡಿದು ಬಂದ ನಾನು, ಮೂವರೂ ಒತ್ತಿಕೊಂಡು ನಿಂತಿದ್ದೇವೆ. ವಾಶ್ ಬೇಸಿನ್ನಿನ ಅಂಚಿನವರೆಗೂ ಬೂದು ನೀರು. ಅದರ ಮೇಲೆ ಮೇಷ್ಟ್ರ ಗಡ್ಡದ ಚೂರುಗಳು ತೇಲುತ್ತಿವೆ. ಎದುರಿಗೆ ಮಂಡಿಯೂರಿ ಕೂತವರು ಐವತ್ತೆರಡರ ಪೈಪಕ್ಕ. ಕಟ್ಟಿಕೊಂಡ ಪೈಪು ಬಿಡಿಸುವ ಅಕ್ಕ ಸುತ್ತಲಿನ ಹತ್ತಾರು ಬೀದಿಗಳಿಗೆ ಪೈಪಕ್ಕ ಆಗಿ ವರ್ಷಗಳೇ ಆಗಿವೆ.

ಚೀಲ ಬಿಚ್ಚುವ ಮೊದಲು ಅವರದೊಂದು ಪ್ರಶ್ನೆ. “ಇದಕ್ಕೆ ಏನಾದ್ರೂ ಸುರಿದಿದ್ದೀರಾ?”

“ಏನೂ ಇಲ್ಲಮ್ಮ,” ಎನ್ನುತ್ತಾರೆ ಮೇಷ್ಟ್ರು. “ಬರೀ ಬಿಸಿನೀರು.”

ಪೈಪಕ್ಕ ಕದಲುವುದಿಲ್ಲ. ಸೊಸೆಯ ಮುಖ ನೋಡುತ್ತಾರೆ. ಸೊಸೆ ಗೋಡೆ ನೋಡುತ್ತಾರೆ.

“ಮಾವ, ನಿನ್ನೆ ಸಂಜೆ ಆ ಪೈಪ್ ಕ್ಲೀನ್ ಮಾಡೋ ಪುಡಿ ಡಬ್ಬಿ...”

“ಓ, ಅದಾ? ಎರಡೇ ಚಮಚ ಹಾಕಿದ್ದು.”

“ಡಬ್ಬಿ ಖಾಲಿ ಆಗಿದೆ ಮಾವ.”

ಮೂವತ್ತೈದು ವರ್ಷ ಮಕ್ಕಳ ಸುಳ್ಳು ಹಿಡಿದ ಮೇಷ್ಟ್ರು ಈಗ ತಾವೇ ತಲೆ ಕೆರೆದುಕೊಳ್ಳುತ್ತಾರೆ. ಪೈಪಕ್ಕ ನಗುತ್ತ ಎರಡೂ ಕೈಗೆ ದಪ್ಪ ರಬ್ಬರ್ ಗ್ಲೌಸ್ ಏರಿಸಿ, ಕಣ್ಣಿಗೆ ಕನ್ನಡಕ ಹಾಕಿ, ಬೇಸಿನ್ನಿನ ನೀರನ್ನು ಮಗ್ಗಿನಲ್ಲಿ ಎತ್ತಿ ಬಕೆಟ್ಟಿಗೆ ತುಂಬತೊಡಗುತ್ತಾರೆ. “ಡಾಕ್ಟ್ರ ಹತ್ರ ಮುಚ್ಚಿಡೋ ಹಾಗೆ ನನ್ನ ಹತ್ರಾನೂ ಮುಚ್ಚಿಡ್ತಾರೆ ಸಾರ್. ನಾನೇನು ಬೈತೀನಾ?”

ಬೈದರೂ ತಪ್ಪಿಲ್ಲ. ಒಂಬತ್ತು ತಿಂಗಳ ಹಿಂದೆ ಬೇರೊಂದು ಮನೆಯಲ್ಲಿ ಹೀಗೇ “ಏನೂ ಇಲ್ಲ” ಅಂದಿದ್ದರು. ಪೈಪಕ್ಕ ನಂಬಿಬಿಟ್ಟರು. ಬೇಸಿನ್ ಕೆಳಗೆ ಕಸ ಹಿಡಿದಿಡುವ ಪುಟ್ಟ ಬಾಟಲಿಯನ್ನು ಬರಿಗೈಯಲ್ಲೇ ಬಿಚ್ಚಿದರು. ಒಳಗಿದ್ದದ್ದು ಆಸಿಡ್. ಬಲಗೈಯ ಮೂರು ಬೆರಳಿನ ತುದಿ ಸುಟ್ಟುಹೋಯಿತು. ಗಾಯ ಮಾಯಿತು, ಸ್ಪರ್ಶ ಮರಳಲಿಲ್ಲ. ಇನ್ನು ಮರಳುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಕೈ ಆಡುತ್ತದಲ್ಲ, ಸಾಲದೇ ಅಂತ ನಾನು ಕೇಳಿ ಬೈಸಿಕೊಂಡೆ. ಬಾಟಲಿಯಲ್ಲಿ ಕಟ್ಟಿದ ಕಸ ಕಣ್ಣಿಗೆ ಕಾಣುತ್ತದೆ. ಗೋಡೆಯೊಳಗಿನ ಪೈಪಿನದು ಕಾಣುವುದಿಲ್ಲ. ಅಲ್ಲಿಗೆ ಸ್ಪ್ರಿಂಗಿನಂಥ ಉದ್ದನೆಯ ತಂತಿ ಕಳಿಸಬೇಕು, ತಂತಿ ಹಿಡಿದ ಬೆರಳೇ ಒಳಗಿನ ಸಮಾಚಾರ ಹೇಳಬೇಕು. “ಕೂದಲಾದ್ರೆ ತಂತೀನ ಹಿಡ್ಕೊಂಡು ಜಗ್ಗುತ್ತೆ. ಸೋಪಾದ್ರೆ ಮೆತ್ತಗೆ ಜಾರುತ್ತೆ. ಪೈಪಿನ ತಿರುವಾದ್ರೆ ಟಕ್ ಅಂತ ನಿಲ್ಲುತ್ತೆ. ತಿರುವನ್ನ ಕಸ ಅಂದ್ಕೊಂಡು ಗುದ್ದಿದ್ರೆ ಪೈಪೇ ಒಡೆದುಹೋಗುತ್ತೆ. ಆಮೇಲೆ ಗೋಡೇನೂ ಒಡೀಬೇಕು.”

ಇದು ಹತ್ತೊಂಬತ್ತು ವರ್ಷದ ವಿದ್ಯೆ. ಅದಕ್ಕೂ ಮೊದಲು ಅವರು ಮನೆಗಳಲ್ಲಿ ನೆಲ ಒರೆಸುತ್ತಿದ್ದರು. ಒಂದು ಮನೆಯ ಬೇಸಿನ್ ಕಟ್ಟಿಕೊಂಡು ಮೂರು ದಿನವಾದರೂ ಪ್ಲಂಬರ್ “ನಾಳೆ ಬರ್ತೀನಿ” ಎನ್ನುತ್ತಲೇ ಇದ್ದ. ನಾಲ್ಕನೇ ದಿನ ಇವರೇ ಬಿಚ್ಚಿದರು. “ಕೆಳಗೆ ಬಕೆಟ್ ಇಡೋದೇ ಮರೆತಿದ್ದೆ. ಮೈಯೆಲ್ಲ ಗಲೀಜು. ಆದ್ರೆ ನೀರು ಗುಳುಗುಳು ಅಂತ ಇಳೀತಲ್ಲ, ಆ ಸದ್ದಿಗೆ ಮರುಳಾಗಿಬಿಟ್ಟೆ.” ಈಗ ದಿನಕ್ಕೆ ನಾಲ್ಕೈದು ಮನೆ. ಹೆಗಲ ಮೇಲೆ ಹನ್ನೊಂದು ಕಿಲೋ ಚೀಲ. ಬಹುಪಾಲು ಕಟ್ಟಡಗಳಿಗೆ ಲಿಫ್ಟ್ ಇಲ್ಲ.

ಬೆರಳು ಸುಟ್ಟ ಮೇಲೆ ಗೋಡೆಯೊಳಗಿನ ಕೆಲಸ ಬಂದಾಗಲೆಲ್ಲ ಹಿಂದಿನ ಬೀದಿಯ ಪ್ಲಂಬರನ ನಂಬರು ಕೊಟ್ಟು ಕಳಿಸುತ್ತಿದ್ದರು. “ಹೊಟ್ಟೆ ಉರೀತಿತ್ತು. ಸುಳ್ಳು ಯಾಕೆ ಹೇಳ್ಲಿ?” ಅವರ ಯಜಮಾನರು ಬೇಕರಿಯಲ್ಲಿ ಬ್ರೆಡ್ ಮಾಡುವವರು. ಹೆಂಡತಿಯ ಸಪ್ಪೆ ಮುಖ ನೋಡಲಾರದೆ ಗುಜರಿಯಿಂದ ತಿರುವಿರುವ ಹಳೇ ಪೈಪೊಂದನ್ನು ತಂದರು. ದಿನಾ ಸಂಜೆ ಅದರೊಳಗೆ ಏನಾದರೊಂದನ್ನು ತುರುಕುವುದು ಅವರ ಕೆಲಸ. ಎಡಗೈಯಲ್ಲಿ ತಂತಿ ಆಡಿಸಿ ಅದೇನೆಂದು ಹೇಳುವುದು ಇವರ ಕೆಲಸ. ಗುಂಡಿ, ಬಟ್ಟೆಚೂರು, ಬಾಚಣಿಗೆಯ ತುಂಡು. ನಾಲ್ಕು ತಿಂಗಳು ಬರೀ ಸೋಲು. ಐದನೇ ತಿಂಗಳಲ್ಲಿ ಒಂದು ಸಂಜೆ, ಎಲ್ಲಿಗೋ ಹೊರಟು ಬಾಗಿಲಿಗೆ ಬೀಗ ಹಾಕಿದ ಮೇಲೆ, ಆ ಮಹಾನುಭಾವರು ಜಗಲಿಯಲ್ಲಿದ್ದ ಪೈಪಿಗೆ ಮನೆಯ ಬೀಗದ ಕೈಯನ್ನೇ ತುರುಕಿ, ಅದು ಸಿಕ್ಕಿಕೊಂಡು, ಇಬ್ಬರೂ ಬೀಗ ಹಾಕಿದ ಬಾಗಿಲ ಮುಂದೆ ಒಂದು ಗಂಟೆ ಕೂತಿದ್ದರಂತೆ. “ಬೀಗದ ಕೈ ಅಂತ ಸರಿಯಾಗೇ ಹೇಳಿದ್ದೆ ಸಾರ್. ಮೊದಲ ಸಲ ಗೆದ್ದಿದ್ದೂ ಅವತ್ತೇ, ಬೀದಿಗೆ ಬಿದ್ದಿದ್ದೂ ಅವತ್ತೇ!”

ಮೇಷ್ಟ್ರ ಬೇಸಿನ್ನಿನ ಬಾಟಲಿ ಬಿಚ್ಚಿದ್ದಾಯಿತು. ಅದರೊಳಗೆ ಹೇಳಿಕೊಳ್ಳುವಂಥ ಕಸವೇನೂ ಇಲ್ಲ. ಕಟ್ಟಿರುವುದು ಗೋಡೆಯೊಳಗೆ. ಪೈಪಕ್ಕ ಇವತ್ತು ಪ್ಲಂಬರನ ನಂಬರು ಕೊಡುವುದಿಲ್ಲ. ಬಾಟಲಿಯನ್ನು ಮೂರು ಸಲ ತೊಳೆದು, ಕೊನೆಗೆ ತೊಳೆದ ನೀರಿನ ಮಗ್ಗನ್ನು ನನ್ನ ಕೈಗೆ ಕೊಟ್ಟು “ಚೆಲ್ಲಿಬಿಡಿ” ಎನ್ನುತ್ತಾರೆ. ಮಹಾ ಬುದ್ಧಿವಂತನಾದ ನಾನು ಅದನ್ನು ಎದುರಿಗಿದ್ದ ಬೇಸಿನ್ನಿಗೇ ಸುರಿಯುತ್ತೇನೆ. ಕೆಳಗೆ ಪೈಪೇ ಇಲ್ಲ! ಅಷ್ಟೂ ನೀರು ನನ್ನ ಕಾಲ ಮೇಲೆ. ತಮಗಿಂತ ದಡ್ಡನೊಬ್ಬ ಸಿಕ್ಕಿದನಲ್ಲ ಎಂದು ಮೇಷ್ಟ್ರಿಗೆ ಎಲ್ಲಿಲ್ಲದ ಖುಷಿ.

ಪೈಪಕ್ಕ ನಗುವುದಿಲ್ಲ. ಗೋಡೆಯ ಪೈಪಿನ ಬಾಯನ್ನು ಮತ್ತೆ ಮತ್ತೆ ತೊಳೆದು, ಎಡಗೈಯ ದಪ್ಪ ಗ್ಲೌಸ್ ತೆಗೆದು ತೆಳುವಾದದ್ದು ಹಾಕಿಕೊಳ್ಳುತ್ತಾರೆ. “ದಪ್ಪದ್ರಲ್ಲಿ ಬೆರಳು ಕುರುಡು.” ತಂತಿ ಒಳಗೆ ಹೋಗುತ್ತದೆ. ಅವರು ಕಣ್ಣು ಮುಚ್ಚುತ್ತಾರೆ.

“ತಿರುವು. ದಾಟ್ತು.” ಇನ್ನೊಂದು ಗೇಣು ತಂತಿ ಒಳಕ್ಕೆ. “ಕೂದಲಿದೆ. ಅದರ ಹಿಂದೆ ಏನೋ ಗಟ್ಟಿ. ದುಂಡಗಿದೆ, ತಿರುಗ್ತಿದೆ...” ತಂತಿಯನ್ನು ಇನ್ನೊಂದು ಸುತ್ತು ತಿರುಗಿಸುತ್ತಾರೆ. “ಪೇಸ್ಟಿನ ಮುಚ್ಚಳ.”

ಎಳೆಯುತ್ತಾರೆ. ಬೆಕ್ಕಿನ ಬಾಲದಷ್ಟು ಉದ್ದದ ಕೂದಲ ಗಂಟು, ಅದರ ತುದಿಗೆ ನೀಲಿ ಮುಚ್ಚಳ. ಒದ್ದೆ ಕಾಲಲ್ಲೇ ನಾನು ಚಪ್ಪಾಳೆ ತಟ್ಟಿಬಿಡುತ್ತೇನೆ. ಸೊಸೆಗೂ ನಗು ತಡೆಯಲಾಗುವುದಿಲ್ಲ. ಪೈಪಕ್ಕ ಮಾತ್ರ ತಮ್ಮ ಎಡಗೈಯನ್ನೇ ನೋಡುತ್ತ ಕೂತಿದ್ದಾರೆ, ಕಣ್ಣು ಒದ್ದೆಯಾಗಿದೆ. ಬೆರಳು ಸುಟ್ಟ ಮೇಲೆ ಗೋಡೆಯೊಳಗಿಂದ ಅವರು ತೆಗೆದ ಮೊದಲ ಕಸ ಇದು.

ಕೆಳಗಿಳಿಯುವಾಗ ಮೆಟ್ಟಿಲಲ್ಲೇ ಅವರ ಫೋನು ರಿಂಗಾಗುತ್ತದೆ. ಆ ಕಡೆಯ ಹೆಂಗಸಿನ ದನಿ ನನಗೂ ಕೇಳಿಸುತ್ತದೆ. ಗೋಡೆಯೊಳಗೆ ಕಟ್ಟಿಕೊಂಡಿದೆಯಂತೆ, ಹಿಂದಿನ ಬೀದಿಯ ಪ್ಲಂಬರನ ನಂಬರು ಬೇಕಂತೆ. ಪೈಪಕ್ಕ ಹನ್ನೊಂದು ಕಿಲೋ ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಳ್ಳುತ್ತಾರೆ.

“ನಂಬರ್ ಯಾಕಮ್ಮ? ನಾನಿಲ್ವಾ? ಅರ್ಧ ಗಂಟೇಲಿ ಬಂದೆ.”