ಕೆಂಪು ಬಟ್ಟೆ ಕಟ್ಟಿದರೆ ಬ್ರೇಕ್ ಲೈಟು ಬೇಡವೇ?

"ಒತ್ತು ಕಾಕಾ!"

"ಒತ್ತೇನಲೇ!"

"ಹತ್ತಿಲ್ಲ. ಮತ್ತೊಮ್ಮಿ ಒತ್ತು!"

ಹೋದ ವಾರ ಮಂಗಳವಾರ ಬೆಳಗ್ಗೆ ಬನಹಟ್ಟಿಯ ನಮ್ಮ ಓಣಿಯಲ್ಲಿ ಹನ್ನೊಂದು ಸಲ ಈ ಕೂಗಾಟ ನಡೆಯಿತು. (ಎಣಿಸಿದ್ದೇನೆ. ಡೈರಿಯಲ್ಲಿದೆ.) ಕಾಕಾ ತನ್ನ ಗೂಡ್ಸ್ ಟೆಂಪೋದಲ್ಲಿ ಕೂತು ಬ್ರೇಕ್ ಒತ್ತುತ್ತಿದ್ದ, ನಾನು ಹಿಂದೆ ನಿಂತಿದ್ದೆ. ಹನ್ನೊಂದು ಸಲವೂ ಬ್ರೇಕ್ ಲೈಟು ಹತ್ತಲಿಲ್ಲ.

ಹಿಂದಿನ ದಿನವಷ್ಟೇ ಜಮಖಂಡಿಯ ಆರ್‌ಟಿಒದಲ್ಲಿ ಗಾಡಿ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋಗಿ ಫೇಲಾಗಿತ್ತು. ಕಾಕಾನ ತಯಾರಿ ಏನು ಕಡಿಮೆಯೇ? ಗಾಡಿ ತೊಳೆದಿದ್ದ, ಕಾಯಿ ಒಡೆದಿದ್ದ, ಹೊಸ ನಿಂಬೆಹಣ್ಣು ಕಟ್ಟಿದ್ದ. ಇನ್‌ಸ್ಪೆಕ್ಟರು ಇದ್ಯಾವುದನ್ನೂ ನೋಡಲಿಲ್ಲ. ಬ್ರೇಕು, ಸ್ಟೀರಿಂಗು, ಟೈರು ನೋಡಿದರು. ಹಾರ್ನ್ ಹೊಡೆಸಿದರು, ವೈಪರ್ ಆಡಿಸಿದರು. ಮೂರು ಕೊರತೆ ಬರೆದುಕೊಟ್ಟರು: ಬ್ರೇಕ್ ಲೈಟು ಹತ್ತುವುದಿಲ್ಲ, ಎಡಗಡೆ ಕನ್ನಡಿ ಒಡೆದಿದೆ, ರಿಫ್ಲೆಕ್ಟರ್ ಪಟ್ಟಿ ಕಿತ್ತಿದೆ.

ಎಫ್‌ಸಿ ಮುಗಿಯುವುದು ಶನಿವಾರ. ಆಮೇಲೆ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ನೂಲು ಸುತ್ತಿದ ಬೀಮು ಎಂಬ ಉರುಳೆಗಳನ್ನು ಮಗ್ಗಗಳಿಗೆ ಮುಟ್ಟಿಸುವುದೇ ಕಾಕಾನ ಕೆಲಸ. ಒಂದು ವಾರ ತಪ್ಪಿದರೆ ನೂಲಿನ ವ್ಯಾಪಾರಿ ಬೇರೆ ಗಾಡಿ ನೋಡಿಕೊಳ್ಳುತ್ತಾರೆ. ಮಗ್ಗ ಯಾರಿಗಾಗಿ ಕಾಯುತ್ತದೆ?

"ಲೈಟ್ ಯಾಕ ಬೇಕಲೇ ತಮ್ಮಾ? ಹಿಂದ ಕೆಂಪ ಬಟ್ಟಿ ಕಟ್ಟೇನಲ್ಲ!" ಎಂದ ಕಾಕಾ.

ಉದ್ದನೆಯ ಬೀಮು ಗಾಡಿಯಿಂದ ಹೊರಚಾಚುತ್ತದೆ. ಹಿಂದೆ ಬರುವವರಿಗೆ ಕಾಣಲೆಂದು ಅದರ ತುದಿಗೆ ಕೆಂಪು ಸೀರೆಯ ತುಂಡು ಕಟ್ಟುವುದು ನಮ್ಮಲ್ಲಿ ರೂಢಿ. ಕಾಕಾ ಖಾಲಿ ಗಾಡಿಯಲ್ಲೂ ಅದನ್ನು ಹಿಂಬಾಗಿಲಿಗೆ ಗಂಟು ಹಾಕಿಟ್ಟಿರುತ್ತಾನೆ. ನಾನು ಆ ಬಟ್ಟೆ ಬಿಚ್ಚಿ ನೋಡಿದೆ. ಬೀಮು ಬಡಿದು ಬಡಿದು ಲೈಟಿನ ವೈರು ಹರಿದಿತ್ತು, ಗಂಟಿನ ಹಿಂದೆಯೇ.

"ಇದು ಯಾವಾಗ ಹರೀತು ಕಾಕಾ?"

"ಯಾಂವಗ್ಗೊತ್ತಲೇ! ಬಟ್ಟಿ ಇತ್ತಲ್ಲ, ನೋಡೇ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಕಾಕಾನ ಹೆಂಡತಿ, ಮಗ್ಗ ನೇಯುವ ಕಾಕು ಬಿಡಲಿಲ್ಲ. "ನಾವು ಒಂದ ಎಳಿ ಹರದ್ರ ಮಗ್ಗಾ ನಿಂದರಸಿ ಗಂಟ ಹಾಕ್ತೀವಿ. ನೀವು ವೈರ್ ಹರದ್ರೂ ಗಾಡಿ ಹೊಡಕೋಂತ ಅಡ್ಯಾಡ್ತೀರಿ. ಭಾಳ ಛಲೋ ಆತು ಬಿಡ್ರಿ!"

ಕಾಕು ಹೇಳಿದ ಕೂಡಲೇ ಕಾಕಾ ಇಳಿದು ಬಂದು ವೈರು ನೋಡಿದ. (ಅಪರೂಪದ ಸಂಗತಿ. ಇದನ್ನೂ ಬರೆದಿಟ್ಟೆ.)

ಬುಧವಾರ ವೈರು, ಕನ್ನಡಿ ಆದವು. ಗುರುವಾರ ರಿಫ್ಲೆಕ್ಟರ್ ಪಟ್ಟಿ ಅಂಟಿಸಿದೆವು. ಆಮೇಲೆ ನಾನು ಕಾಗದಪತ್ರಗಳ ತಾರೀಖು ನೋಡುತ್ತ ಕೂತೆ. ಇನ್ಶೂರೆನ್ಸ್ ಇದೆ. ಟ್ಯಾಕ್ಸ್ ಕಟ್ಟಿದೆ. ಹೊಗೆ ಸರ್ಟಿಫಿಕೇಟು? ಅವತ್ತೇ ಕೊನೆಯ ದಿನ! ಕಾಕಾ ಚಪ್ಪಲಿ ಮೆಟ್ಟುವುದನ್ನೂ ಮರೆತು ಗಾಡಿ ಹತ್ತಿದ, ಹೊಸದನ್ನು ಮಾಡಿಸಿಕೊಂಡೇ ಬಂದ.

ಎಫ್‌ಸಿಗೆ ಹದಿನೈದು ದಿನ ಮೊದಲೇ ಕಾಗದದ ತಾರೀಖು ನೋಡಿದ್ದರೆ, ಒಬ್ಬರನ್ನು ಗಾಡಿಯ ಸುತ್ತ ಒಂದು ಸುತ್ತು ಹಾಕಿಸಿದ್ದರೆ, ಇಷ್ಟು ಓಡಾಟ ಬೇಕಿತ್ತೇ?

ಶುಕ್ರವಾರ ಮತ್ತೆ ಜಮಖಂಡಿ. ಇನ್‌ಸ್ಪೆಕ್ಟರು ಹಿಂದೆ ನಿಂತರು. ಕಾಕಾ ಬ್ರೇಕ್ ಒತ್ತಿದ. ಒಂದೇ ಸಲಕ್ಕೆ ಕೆಂಪಗೆ ಹತ್ತಿತು. ಪಾಸು!

ಈಗ ಬೀಮಿಗೆ ಬಟ್ಟೆಯೂ ಉಂಟು, ಗಾಡಿಗೆ ಲೈಟೂ ಉಂಟು. ದಿನಾ ಬೆಳಗ್ಗೆ ಕಾಕಾ ಕೂಗುತ್ತಾನೆ: "ತಮ್ಮಾ, ಹಿಂದ ನಿಂದರ ಬಾ." ಅದನ್ನು ಕೇಳಿ ಓಣಿಯ ಆಟೋದವರೂ ಕರೆಯತೊಡಗಿದ್ದಾರೆ. ಇವತ್ತಿಗೆ ಐದು ಗಾಡಿಗಳ ಹಿಂದೆ ನಿಂತಿದ್ದೇನೆ. ಎರಡರ ಲೈಟು ಹತ್ತಲಿಲ್ಲ, ಸಂಜೆಯೊಳಗೆ ಎರಡೂ ಹತ್ತಿದವು.

ಡ್ರೈವರ್ ಸೀಟಿನಲ್ಲಿ ಕೂತವನಿಗೆ ಊರೆಲ್ಲ ಕಾಣುತ್ತದೆ, ತನ್ನ ಬ್ರೇಕ್ ಲೈಟು ಕಾಣುವುದಿಲ್ಲ. ನಿಮ್ಮ ಗಾಡಿಯ ಹಿಂದೆ ಯಾರನ್ನು ನಿಲ್ಲಿಸಿದ್ದೀರಿ?